ಭಗ್ನಚಿಕಿತ್ಸೆಯೂ ಕೈರೋಪ್ರಾಕ್ಟಿಕ್ ಪದ್ಧತಿಯೂ

ಕೈರೋಪ್ರಾಕ್ಟಿಕ್ ಎಂಬ ಪಾಶ್ಚಾತ್ಯ ಚಿಕಿತ್ಸಾಪದ್ಧತಿಯು ಭಾರತದ ದೊಡ್ಡ ಪಟ್ಟಣಗಳಲ್ಲಿ ಪ್ರಚಾರಕ್ಕೆ ಬಂದ ಮೇಲೆ, ಅದು ಹೊಸದೇನೂ ಅಲ್ಲ, ಸುಶ್ರುತಸಂಹಿತೆಯಲ್ಲಿಯೇ ಉಕ್ತವಾಗಿದೆ ಎಂಬ ವಾದವೊಂದು ಕೇಳಿಬರುತ್ತಿದೆ. ಹಳ್ಳಿಗಳಲ್ಲಿ ಎಲುಬು ಕಟ್ಟುವವರು ಮಾಡುವುದೂ ಇದನ್ನೇ ಎಂದು ಅದಕ್ಕೆ ಬಾಲವನ್ನು ಜೋಡಿಸುವವರೂ ಉಂಟು. ಸ್ವದೇಶಾಭಿಮಾನಕ್ಕೆ ಇದು ಹಿತವಾದ ಮಾತೇ ಸರಿ. ಗ್ರಂಥಾರ್ಥಕ್ಕೂ ರೋಗಿಗೂ ಹಿತವಾದುದೋ ಎಂಬುದು ವಿಚಾರಣೀಯವಾಗಿದೆ.

ಗ್ರೀಕ್ ಭಾಷೆಯಲ್ಲಿ ಕೈ ಎಂಬ ಅರ್ಥದ ಶಬ್ದಕ್ಕೆ ಕ್ರಿಯೆ ಎಂಬ ಅರ್ಥದ ಶಬ್ದವು ಸೇರಿ ಈ ಹೆಸರು ಹುಟ್ಟಿದೆ. ಇದರ ಪ್ರವರ್ತಕನು ಡೇನಿಯಲ್ ಡೇವಿಡ್ ಪಾಮರ್. (ಈ ಹೆಸರಿನಲ್ಲಿರುವ ಶ್ಲೇಷೆಯನ್ನು ಪಂಡಿತರು ವಾದಕ್ಕೆ ಬಳಸಿಕೊಳ್ಳದಿರುವುದು ಲೇಸು.) 1895ರಲ್ಲಿ ಅಮೆರಿಕದ ಆಯೋವಾ ಸಂಸ್ಥಾನದ ಡೇವನ್‌ಪೋರ್ಟ್ ನಗರದಲ್ಲಿ ಹಾರ್ವೆ ಲಿಲರ್ಡ್ ಎಂಬ ಕಿವುಡನ ಬೆನ್ನೆಲುಬನ್ನು ಒತ್ತಿ ಕೂಡಿಸಿದುದರಿಂದ ಅವನಿಗೆ ಶ್ರವಣಶಕ್ತಿಯು ಮರಳಿತೆಂದು ಪಾಮರನು ಹೇಳಿಕೊಂಡನು. 1910ರಲ್ಲಿ ಅವನು ಪ್ರಕಟಿಸಿದ ಸುಮಾರು ಸಾವಿರ ಪುಟಗಳ ಗ್ರಂಥದಲ್ಲಿ, ನೂರಕ್ಕೆ ತೊಂಬತ್ತೈದು ರೋಗಗಳಿಗೆ ಕಶೇರುಕಗಳು ಸ್ಥಾನ ತಪ್ಪುವುದೇ ಕಾರಣವೆಂಬ ಪ್ರತಿಜ್ಞೆಯಿದೆ. ಪ್ರತಿಜ್ಞೆಯುಂಟು, ಹೇತುವಿಲ್ಲ, ದೃಷ್ಟಾಂತಗಳುಂಟು, ವ್ಯಾಪ್ತಿಯಿಲ್ಲ. ಪ್ರತಿಪಕ್ಷದವರನ್ನು ಖಂಡಿಸುವುದಕ್ಕೆ ವ್ಯಯವಾಗಿರುವ ಪುಟಗಳಲ್ಲಿ ಅರ್ಧದಷ್ಟನ್ನಾದರೂ ಪ್ರಮಾಣನಿರೂಪಣೆಗೆ ಮೀಸಲಿಟ್ಟಿದ್ದರೆ ಆ ಗ್ರಂಥದ ಗೌರವವು ಹೆಚ್ಚುತ್ತಿತ್ತು.

ಇನ್ನು ಸುಶ್ರುತನ ಮಾತು. ನಿದಾನಸ್ಥಾನದ ಹದಿನೈದನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವೂ ಭಗ್ನಕ್ಕೇ ಮೀಸಲಾಗಿವೆ. ಅಲ್ಲಿ ಸಂಧಿಮುಕ್ತವು ಆರು ಬಗೆ, ಕಾಂಡಭಗ್ನವು ಹನ್ನೆರಡು ಬಗೆ. ಬೀಳುವುದು, ಪೆಟ್ಟಾಗುವುದು, ನಜ್ಜಾಗುವುದು ಮೊದಲಾದ ಕಣ್ಣಿಗೆ ಕಾಣುವ ಕಾರಣಗಳಿಂದಲೇ ಇವೆಲ್ಲವೂ ಉಂಟಾಗತಕ್ಕವು. ಎಳೆಯುವುದು, ಒತ್ತುವುದು, ಕೂಡಿಸುವುದು, ಕಟ್ಟುವುದು ಎಂದು ಕ್ರಿಯಾಕ್ರಮವನ್ನು ಹೇಳಿ, ಅತ್ತಿ ಅರಳಿ ಮುತ್ತುಗ ಮತ್ತಿ ಮೊದಲಾದ ಮರಗಳ ತೊಗಟೆಯನ್ನು ಕಟ್ಟಿಗೆ ವಿಧಿಸಿದೆ. ಕಟ್ಟನ್ನು ಬಿಚ್ಚಿ ಕಟ್ಟುವುದು ಶೀತಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣಕಾಲದಲ್ಲಿ ಐದು ದಿನಕ್ಕೊಮ್ಮೆ, ಉಷ್ಣಕಾಲದಲ್ಲಿ ಮೂರು ದಿನಕ್ಕೊಮ್ಮೆ. ಸಡಿಲವಾದರೆ ಸಂಧಿಯು ನಿಲ್ಲದು. ಬಿಗಿಯಾದರೆ ಬಾವು, ನೋವು, ಪಾಕ. ಬಾಲ್ಯದಲ್ಲಿ ಒಂದು ತಿಂಗಳಿಗೆ ಕೂಡುವುದು ಮಧ್ಯವಯಸ್ಸಿನಲ್ಲಿ ಅದರ ಎರಡರಷ್ಟನ್ನೂ ಮುಪ್ಪಿನಲ್ಲಿ ಮೂರರಷ್ಟನ್ನೂ ಬೇಡುತ್ತದೆ.

ಪೂರ್ವಪಕ್ಷದವರು ಮುಂದಿಡುವ ಪ್ರಬಲವಾದ ಆಧಾರವು ಇದೇ ಅಧ್ಯಾಯದ ಗ್ರೀವಾವಿಷಯಕ ವಿಧಿ. ಕೊರಳು ತಿರುಚಿದಲ್ಲಿ ಅಥವಾ ಕೆಳಕ್ಕೆ ಕುಸಿದಲ್ಲಿ ಹೆಡಕನ್ನೂ ದವಡೆಗಳನ್ನೂ ಹಿಡಿದು ರೋಗಿಯನ್ನು ಮೇಲಕ್ಕೆತ್ತಬೇಕೆಂದು ಅಲ್ಲಿ ಹೇಳಿರುವುದು ನಿಜ. ಆದರೆ ವಾಕ್ಯವು ಅಲ್ಲಿಗೇ ಮುಗಿಯದು: ಬಳಿಕ ದಬ್ಬೆಯನ್ನಿಟ್ಟು ಬಟ್ಟೆಯಿಂದ ಸುತ್ತಿ, ಏಳು ರಾತ್ರಿ ಅಂಗಾತ ಮಲಗಿಸಬೇಕೆಂದೂ ವಿಧಿಯಿದೆ. ಕೈರೋಪ್ರಾಕ್ಟಿಕ್ಕಿನಲ್ಲಾದರೋ ಕತ್ತನ್ನು ಥಟ್ಟನೆ ತಿರುವಿದ ಮೇಲೆ ರೋಗಿಯು ಎದ್ದು ಮನೆಗೆ ನಡೆಯುತ್ತಾನೆ. ಪೂರ್ವಾರ್ಧವನ್ನು ಹಿಡಿದು ಉತ್ತರಾರ್ಧವನ್ನು ಬಿಡುವುದು ವ್ಯಾಖ್ಯಾನವಲ್ಲ. ಮೇಲಾಗಿ, ನಿದಾನಸ್ಥಾನದಲ್ಲಿ ವೈದ್ಯನು ಕೈಬಿಡತಕ್ಕ ಭಗ್ನಗಳನ್ನು ಎಣಿಸುವಾಗ ಬೆನ್ನಿನ ಭಗ್ನವನ್ನೂ ಸುಶ್ರುತನು ಸೇರಿಸಿದ್ದಾನೆ. ಭಗ್ನವು ಬೇರೆ, ಸ್ಥಾನಭ್ರಂಶವು ಬೇರೆ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಹೇಳಿದರೂ, ಕಿವುಡಿಗೂ ಜಠರವ್ಯಾಧಿಗೂ ಬೆನ್ನನ್ನೊತ್ತಬೇಕೆಂಬ ಪಾಮರನ ಸಿದ್ಧಾಂತಕ್ಕೆ ಈ ಅಧ್ಯಾಯಗಳಲ್ಲಿ ಎಡೆಯೇ ಇಲ್ಲ.

ಧಾರವಾಡ ಜಿಲ್ಲೆಯ ಕಲಘಟಗಿಯ ಆಡುಮಾತು ಈ ವಿಷಯದಲ್ಲಿ ಪಂಡಿತರ ವಾದಕ್ಕಿಂತ ಖಚಿತವಾಗಿದೆ. ಎಲುಬು ಮುರಿಯಿತು, ಕೀಲು ತಪ್ಪಿತು, ಕಾಲು ಉಳುಕಿತು, ಟೊಂಕ ಹಿಡಿಯಿತು ಎಂಬ ನಾಲ್ಕು ಮಾತುಗಳನ್ನು ಅಲ್ಲಿಯ ಒಕ್ಕಲುಮಗನು ಎಂದಿಗೂ ಬೆರಸಿ ಆಡುವುದಿಲ್ಲ. ಮೊದಲೆರಡು ಸುಶ್ರುತನ ಕಾಂಡಭಗ್ನ, ಸಂಧಿಮುಕ್ತಗಳೇ ಸರಿ. ಟೊಂಕ ಹಿಡಿಯುವುದು ಭಗ್ನಪ್ರಕರಣಕ್ಕೆ ಸೇರದೆ, ಗೃಧ್ರಸಿಯಂತೆ ವಾತವ್ಯಾಧಿಪ್ರಕರಣದ ನೆರೆಗೆ ಬರುತ್ತದೆ. ಅದಕ್ಕೆ ಸ್ನೇಹ, ಸ್ವೇದಗಳು ಉಪಾಯ. ಕೈರೋಪ್ರಾಕ್ಟಿಕ್ಕಿನವರ ಬಳಿಗೆ ಹೆಚ್ಚಾಗಿ ಹೋಗುವವರು ಈ ಟೊಂಕನೋವಿನವರೇ. ಹೀಗಿರಲು ಅದಕ್ಕೆ ಮೂಲವನ್ನು ಭಗ್ನಾಧ್ಯಾಯದಲ್ಲಿ ಹುಡುಕುವುದು ಪ್ರಕರಣವಿರೋಧವಾಗುತ್ತದೆ.

ಕೀಲು ಎಂಬ ಶಬ್ದವೂ ಗಮನಾರ್ಹ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯಲ್ಲಿ, ಮರಕ್ಕೆ ಮರವನ್ನು ಹಿಡಿಸುವುದೂ ಕೀಲು, ಮೊಳಕಾಲಿನ ಸಂಧಿಯೂ ಕೀಲು. ಕಾಲು ಮುರಿದವನನ್ನು ಮಲಗಿಸುವ ಕಪಾಟಶಯನಕ್ಕೆ ಐದು ಕೀಲಕಗಳನ್ನು, ಸಂಧಿಯ ಎರಡು ಪಕ್ಕಗಳಲ್ಲಿ ಎರಡೆರಡು, ಅಂಗಾಲಿಗೆ ಒಂದು ಎಂದು ಸುಶ್ರುತನು ವಿಧಿಸುವಾಗಲೂ ಬಡಿಗನ ಕೈಯೇ ಅಲ್ಲಿ ಕಾಣುತ್ತದೆ. ಅಲುಗದಂತೆ ನಿಲ್ಲಿಸುವುದೇ ಆ ಶಾಸ್ತ್ರದ ಜೀವ.

ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಕ್ಕೂ ಕೀರ್ತಿವರ್ಮನ ಗೋವೈದ್ಯವು ದನಗಳಿಗೂ ಹೆಸರಾಗಿವೆ. ಎಲುಬಿನ ವಿದ್ಯೆಯು ಅಂಥ ಹೆಸರಾದ ಗ್ರಂಥವಿಲ್ಲದೆ ಬಹುಮಟ್ಟಿಗೆ ಕೈಯಿಂದ ಕೈಗೆ ಸಾಗಿಬಂದಿತು. ಅದರಿಂದ ಬಂದ ಗುಣವುಂಟು, ದೋಷವೂ ಉಂಟು. ಬಿಗಿದ ಕಟ್ಟನ್ನು ಕಾಲಕ್ಕೆ ಬಿಚ್ಚಿ ನೋಡದೆ, ರಕ್ತಸಂಚಾರವು ನಿಂತು ಕೈಕಾಲುಗಳನ್ನೇ ಕಳೆದುಕೊಂಡವರುಂಟು. ಸುಶ್ರುತನ ಎಚ್ಚರಿಕೆಯು ಇದಕ್ಕೇ ಅಲ್ಲವೇ? ಕಟ್ಟುವ ಕೈಯಲ್ಲಿ ಎಷ್ಟೇ ಕುಶಲತೆಯಿರಲಿ, ಕ್ಷ-ಕಿರಣದ ಚಿತ್ರವನ್ನು ನೋಡದೆ ಮುರಿದ ತೊಡೆಗೆ ಕಟ್ಟು ಹಾಕುವುದನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಕಲಘಟಗಿಯ ರೋಗಿಗೆ ಹುಬ್ಬಳ್ಳಿಯೇನೂ ದೂರವಲ್ಲ. ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜು 1957ರಲ್ಲಿಯೇ ಆರಂಭವಾಯಿತು.

ಹಾಗೆಂದು ಕೈರೋಪ್ರಾಕ್ಟಿಕ್ ಸರ್ವಥಾ ತ್ಯಾಜ್ಯವೆನ್ನುವುದೂ ನ್ಯಾಯವಲ್ಲ. 47 ಪ್ರಯೋಗಗಳನ್ನು ಒಟ್ಟಾಗಿ ತೂಗಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯು, ಬಹುಕಾಲದ ಟೊಂಕನೋವಿಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಯು ಇತರ ಮಾನ್ಯ ಚಿಕಿತ್ಸೆಗಳಷ್ಟೇ ಫಲಕಾರಿಯೆಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲಿಯೂ ಅದಕ್ಕೆ ವ್ಯಾಯಾಮಾದಿಗಳ ಜತೆಗೆ ಸ್ಥಾನವಿದೆ. ತೊಂಬತ್ತೈದು ರೋಗಗಳ ಸಾಮ್ರಾಜ್ಯವು ಒಂದು ಟೊಂಕಕ್ಕೆ ಇಳಿದಿರುವುದು ಸಣ್ಣ ಸಂಗತಿಯಲ್ಲ. ಕತ್ತಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರವು ಬೇಕು: ತಿರುವಿದ ಬಳಿಕ ಕತ್ತಿನ ರಕ್ತನಾಳವು ಸೀಳಿ ಪಕ್ಷಾಘಾತವಾದ ವಿರಳ ಉದಾಹರಣೆಗಳು ದಾಖಲಾಗಿವೆ, ತಿರುವಿದ್ದೇ ಕಾರಣವೋ, ಮೊದಲೇ ಸೀಳಿದ್ದರಿಂದ ಕತ್ತುನೋವು ಬಂದಿತ್ತೋ ಎಂಬ ವಿವಾದವು ತೀರಿಲ್ಲ. ಅಮೆರಿಕದಲ್ಲಿ ಕಾನ್ಸಾಸ್ ಸಂಸ್ಥಾನವು 1913ರಲ್ಲಿ ಇದಕ್ಕೆ ಶಾಸನವನ್ನು ಮಾಡಿತು. ಭಾರತದಲ್ಲಿ ವೈದ್ಯರಿಗಿರುವಂಥ ಪ್ರತ್ಯೇಕ ನೋಂದಣಿ ಪರಿಷತ್ತು ಇದಕ್ಕಿಲ್ಲ. ಆದುದರಿಂದ ಕಲಿತವನಾರು, ಕಲಿಯದವನಾರು ಎಂದು ರೋಗಿಯು ತಿಳಿಯುವುದು ಕಷ್ಟ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು ಉಳಿಯುತ್ತದೆ. ಕೈರೋಪ್ರಾಕ್ಟಿಕ್ಕಿಗೆ ಅಸ್ಥಿಸಂಧಾನವೆಂಬ ಹೆಸರು ಸಲ್ಲದು. ಮುರಿದುದನ್ನು ಕೂಡಿಸುವ ವಿದ್ಯೆಯ ಹೆಸರನ್ನು ಮುರಿಯದ ಬೆನ್ನಿಗೆ ಕೊಟ್ಟರೆ, ಎಲುಬು ಮುರಿದವನು ಬೆನ್ನು ತಿರುವುವವನ ಬಾಗಿಲಿಗೆ ಹೋದಾನು. ಕಶೇರುಹಸ್ತಚಿಕಿತ್ಸೆ ಎನ್ನಬಹುದು, ಅದು ಬಾಯಿಗೆ ಭಾರವೆನಿಸಿದರೆ ಕೈರೋಪ್ರಾಕ್ಟಿಕ್ ಎಂಬ ಪರಶಬ್ದವನ್ನೇ ಇರಿಸಿಕೊಳ್ಳಬಹುದು.