ಏಳೂವರೆ ಮೈಲಿಯ ಗೆರೆ

ಭೂಮಾಪನದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಭೂಮಾಪಕ ವಿಲಿಯಂ ಲ್ಯಾಂಬ್ಟನ್ನನ ಆಧಾರರೇಖೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ನೆಲವನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು 57 ದಿನ ಹಿಡಿಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಅದಕ್ಕೇ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಜೊತೆಗೆ ಉಷ್ಣಮಾಪಕ ಇಟ್ಟು, ತಾಪ ಬರೆದುಕೊಂಡು ಉದ್ದವನ್ನು ತಿದ್ದುತ್ತಿದ್ದರು. ಎಂಥ ತಾಳ್ಮೆ! ಆ ಒಂದು ಗೆರೆ ಸರಿಯಿದ್ದರೆ ಮುಂದೆ ಊರೂರಿಗೂ ಸರಪಳಿ ಎಳೆಯಬೇಕಿಲ್ಲ. ಎರಡೂ ತುದಿಗಳಿಂದ ದೂರದ ಬೆಟ್ಟದ ನೆತ್ತಿಯನ್ನು ಥಿಯೋಡೋಲೈಟ್ ಎಂಬ ಕೋನ ಅಳೆಯುವ ಯಂತ್ರದಲ್ಲಿ ನೋಡಿ ಕೋನ ಹಿಡಿದರೆ ಸಾಕು, ಉಳಿದೆರಡು ಬಾಹುಗಳು ಲೆಕ್ಕದಲ್ಲೇ ಸಿಗುತ್ತವೆ. ಆ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಆ ಥಿಯೋಡೋಲೈಟಿನ ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತು ಬೆಟ್ಟ ಹತ್ತಿದ ಆಳುಗಳ ಹೆಸರೂ ನಕ್ಷೆಯ ಜೊತೆ ಉಳಿಯಬೇಕಿತ್ತು.

ತ್ರಿಕೋನಗಳ ಸಾಲು ಬೆಂಗಳೂರು ಮುಟ್ಟಿದಾಗ ಲ್ಯಾಂಬ್ಟನ್ ಬರೀ ಲೆಕ್ಕವನ್ನು ನಂಬಿ ಮುಂದೆ ಹೋಗಲಿಲ್ಲ. 1804ರಲ್ಲಿ ಇಲ್ಲೂ ಒಂದು ಆಧಾರರೇಖೆಯನ್ನು ಸರಪಳಿಯಿಂದಲೇ ಅಳೆಸಿದ. ಏಳು ಮೈಲಿ ಚಿಲ್ಲರೆ ಉದ್ದದಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ.