ಲೋಕಾಭಿಪ್ರಾಯವೂ ಚಿಂತನಸಂಸ್ಥೆಯೂ: ಮುಂಬಯಿಯ ಒಂದು ನಿದರ್ಶನ

ಚಿಂತನಸಂಸ್ಥೆಗಳು ಲೋಕಾಭಿಪ್ರಾಯವನ್ನು ರೂಪಿಸುತ್ತವೆಂಬ ಮಾತನ್ನು ಅವುಗಳ ಮಿತ್ರರೂ ವಿರೋಧಿಗಳೂ ಸಮಾನೋತ್ಸಾಹದಿಂದ ಹೇಳುತ್ತಾರೆ. ಯಾರ ಅಭಿಪ್ರಾಯವನ್ನು, ಎಷ್ಟರಮಟ್ಟಿಗೆ ಎಂದು ವಿಚಾರಿಸುವವರು ವಿರಳ. ಈ ವಿಚಾರಣೆಗೆ, 1956ರಲ್ಲಿ ಎ. ಡಿ. ಶ್ರಾಫ್ ಅವರು ಮುಂಬಯಿಯಲ್ಲಿ ಸ್ಥಾಪಿಸಿದ ‘ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್’ ಉಚಿತವಾದ ನಿದರ್ಶನ.

ಶ್ರಾಫ್ ಅವರು ಯೋಜನೆಯ ಹುಟ್ಟುವೈರಿಗಳೇನೂ ಅಲ್ಲ. 1944ರ ‘ಬಾಂಬೆ ಪ್ಲಾನ್’ಗೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಅವರೂ ಒಬ್ಬರು, ಆ ಯೋಜನೆಯಾದರೋ ಸರಕಾರಕ್ಕೆ ಸಾಕಷ್ಟು ವಿಶಾಲವಾದ ಪಾತ್ರವನ್ನೇ ವಹಿಸಿಕೊಟ್ಟಿತ್ತು. ಹನ್ನೆರಡು ವರ್ಷಗಳ ತರುವಾಯ, ಜೀವವಿಮೆ ಸರಕಾರದ ವಶವಾದ ವರ್ಷದಲ್ಲಿಯೇ, ಅವರು ಖಾಸಗಿ ಉದ್ಯಮದ ಪರವಾಗಿ ಉಪನ್ಯಾಸ ಮತ್ತು ಕಿರುಹೊತ್ತಗೆಗಳ ಮೂಲಕ ಜನರಿಗೆ ತಿಳಿಯಹೇಳುವ ಕಾರ್ಯಕ್ಕೆ ತೊಡಗಿದರು. 1958ರಲ್ಲಿ ಹೋಟೆಲೊಂದರ ಸಭಾಂಗಣದಲ್ಲಿ ಆರಂಭವಾದ ನಾನಿ ಪಾಲ್ಖೀವಾಲಾ ಅವರ ಬಜೆಟ್ ಉಪನ್ಯಾಸ, ಮುಂದೆ ಬ್ರೇಬೋರ್ನ್ ಕ್ರೀಡಾಂಗಣವನ್ನು ತುಂಬಿತು. ಕ್ರಿಕೆಟ್ಟಿಗೆಂದು ಕಟ್ಟಿದ ಮೈದಾನದಲ್ಲಿ ಆಯವ್ಯಯದಂಥ ಶುಷ್ಕ ವಿಷಯವನ್ನು ಕೇಳಲು ಜನ ಕಿಕ್ಕಿರಿದದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ಹದಿಮೂರು ವರ್ಷಗಳ ಪ್ರಚಾರ ಆ ಕ್ರಮದ ಜನಪ್ರಿಯತೆಯನ್ನು ತಗ್ಗಿಸಲಿಲ್ಲ. ಅದೇ ಪಾಲ್ಖೀವಾಲಾ ಅವರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿ 1970ರ ಫೆಬ್ರವರಿ 10ರಂದು ಗೆದ್ದರು. ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಹೊರಟಿತು. ಮರುವರ್ಷದ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ಭಾರಿ ಬಹುಮತ ದೊರೆಯಿತು. ನ್ಯಾಯಪೀಠ ಒಪ್ಪಿದ ವಾದವನ್ನು ಮತದಾರ ಒಪ್ಪಲಿಲ್ಲ.

ಇದಕ್ಕೆ ಭಾಷೆಯೊಂದೇ ಕಾರಣವೆನ್ನಲಾಗದು. ಇಂಗ್ಲಿಷ್ ಉಪನ್ಯಾಸ ಹಳ್ಳಿಗೆ ತಲುಪದೆಂಬುದು ಸ್ಪಷ್ಟವೇ ಇದೆ. ಮೂಲದೋಷ ವಾದದ ರಚನೆಯಲ್ಲಿದೆ. ಬ್ಯಾಂಕುಗಳು ದೊಡ್ಡ ಉದ್ಯಮಮನೆತನಗಳ ಹಿಡಿತದಲ್ಲಿದ್ದು ರೈತನಿಗೂ ಸಣ್ಣ ವ್ಯಾಪಾರಿಗೂ ಸಾಲ ದೊರಕದೆಂಬುದು ಅಂದಿನ ದೂರು. ಈ ದೂರಿಗೆ ಸಮರ್ಥವಾದ ಪ್ರತ್ಯುತ್ತರ ಉಡುಪಿಯಲ್ಲಿತ್ತು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಯೋಜನೆಯಲ್ಲಿ 1928ರಿಂದಲೂ ಏಜೆಂಟರು ದಿನಂಪ್ರತಿ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಠೇವಣಿಯಾಗಿ ಸಂಗ್ರಹಿಸುತ್ತಿದ್ದರು. ಆದರೆ ‘ಖಾಸಗಿ ಉದ್ಯಮ’ವೆಂಬ ತತ್ತ್ವದ ಭಾಷೆಯಲ್ಲಿ ಉಡುಪಿಯ ಈ ಬ್ಯಾಂಕಿಗೂ ಉದ್ಯಮಪತಿಗಳ ಬ್ಯಾಂಕಿಗೂ ಹೆಸರು ಒಂದೇ. ಸರಕಾರವಾದರೂ ಭೇದವೆಣಿಸಿತೇ? ಐವತ್ತು ಕೋಟಿ ರೂಪಾಯಿಗಳ ಠೇವಣಿಯನ್ನು ಅದು ಅಳತೆಗೋಲಾಗಿ ಹಿಡಿಯಿತು. ಕೆನರಾ, ಸಿಂಡಿಕೇಟ್ ಎರಡೂ ಪಟ್ಟಿಗೆ ಸೇರಿದವು. ದಕ್ಷಿಣ ಕನ್ನಡದ ಆ ಅನುಭವ ಎರಡು ತತ್ತ್ವಗಳ ನಡುವೆ ಸಾಕ್ಷಿಯಿಲ್ಲದೆ ಉಳಿಯಿತು. ಒಂದು ಹಿತಾಸಕ್ತಿಯನ್ನು ಸಾರಾಸಗಟಾಗಿ ರಕ್ಷಿಸಲು ಹೊರಟ ಸಂಸ್ಥೆ ಆ ಹಿತಾಸಕ್ತಿಯೊಳಗಿನ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಲಾರದು. ಬೇರ್ಪಡಿಸಿದ್ದರೆ ಅದರ ಮಾತಿಗೆ ಹೆಚ್ಚಿನ ತೂಕ ಬರುತ್ತಿತ್ತು.

1991ರ ನೀತಿಪಲ್ಲಟವನ್ನು ಇಂಥ ಸಂಸ್ಥೆಗಳ ವಿಜಯವೆಂದು ವರ್ಣಿಸುವುದುಂಟು. ಅದು ಅತಿಶಯೋಕ್ತಿ. ಅಂದು ಸರಕಾರದ ಕೈಯನ್ನು ಕಟ್ಟಿದ್ದು ಕಿರುಹೊತ್ತಗೆಗಳಲ್ಲ, ಬರಿದಾಗುತ್ತಿದ್ದ ವಿದೇಶೀ ವಿನಿಮಯದ ಬೊಕ್ಕಸ. ಬದಲಾವಣೆಯನ್ನು ಸಮರ್ಥಿಸಲು ಬೇಕಾದ ವಾದಗಳು ಮಾತ್ರ ಮೂವತ್ತೈದು ವರ್ಷಗಳಿಂದ ಅಚ್ಚಾಗಿ ಸಿದ್ಧವಾಗಿದ್ದವು.