ನಾಯಿಯ ಹೆಸರಿದೆ, ಮುತ್ತಜ್ಜಿಯ ಹೆಸರಿಲ್ಲ

ಮನೆತನದ ಮೂಲ ಹುಡುಕೋ ಹುಚ್ಚು ನಮ್ಮ ಐಟಿ ಮಂದಿಗೆ ಈಗ ಜೋರಾಗೇ ಹತ್ತಿದೆ. ವೀಕೆಂಡಲ್ಲಿ ಊರಿಗೆ ಹೋದವರು ತಾತನ ಟ್ರಂಕು ತೆಗೀತಾರೆ, ಆ್ಯಪಿನಲ್ಲಿ ಮರ ಬಿಡಿಸ್ತಾರೆ, ಎಂಜಲು ಕಳಿಸಿ ಡಿಎನ್‌ಎ ಟೆಸ್ಟೂ ಮಾಡಿಸ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ಯಾರಾದರೂ ಕೇಳಿದರೆ ನಾನು ಎರಡು ದಾಖಲೆ ಓದಿ ಅಂತೀನಿ. ಒಂದು, ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 7ನೇ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1979ರಲ್ಲಿ ತಂದದ್ದು, ನಾಗಮಂಗಲದ ಜೊತೆ ಈ ಮೂರೂ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಇನ್ನೊಂದು, ನಿಮ್ಮದೇ ಜಮೀನಿನ ಹಳೇ ಪಹಣಿ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು, ಕಥೆ ಕಾದಂಬರಿ ಓದೋ ಹಾಗೆ ಓದಿ. ಬರೆದವರು ಯಾರನ್ನು ನೋಡಿದರು, ಯಾರನ್ನು ನೋಡಲಿಲ್ಲ ಅನ್ನೋದು ಆಗ ಕಣ್ಣಿಗೆ ಹೊಡೆಯುತ್ತೆ.

ಸಂಪುಟದ ಸ್ಟಾರ್ ಅಂದರೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಕ್ರಿ.ಶ. 949-50ರದ್ದು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಕಬ್ಬನ್ ಪಾರ್ಕಿಗೆ ಹೋದಾಗ ನೋಡಿ ಬನ್ನಿ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ, ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ನಿಂತು ಚೋಳರ ರಾಜಾದಿತ್ಯನನ್ನು ಕೊಲ್ತಾನೆ. ಬೂತುಗನ ಭಂಟ ಮಣಲೇರ ಚೆನ್ನಾಗಿ ಕಾದಿದ್ದಕ್ಕೆ ಏನು ಬೇಕು ಕೇಳು ಅಂದರೆ, ಅವನು ಕೇಳೋದು ಕಾಳಿ ಅನ್ನೋ ಬೇಟೆನಾಯಿಯನ್ನ! ಆ ಕಾಳಿ ಬೆಳ್ತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ನಾಯಿ ಹಂದಿ ಎರಡೂ ಸಾಯ್ತವೆ. ನಾಯಿಗೋಸ್ಕರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಡಿಸಿ, ಅದಕ್ಕೆ ಭೂಮಿ ಬಿಟ್ಟರು. ಅಲ್ಲಿನ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಕೆತ್ತಿದ್ದಾರೆ.

ದಾಖಲೆ ಅಂದರೆ ಇದು. ಯಾರು, ಯಾವಾಗ, ಎಲ್ಲಿ, ಯಾಕೆ, ಎಲ್ಲಾ ಇದೆ. ಪ್ರೀತಿಯೂ ಇದೆ. ಮಣಲೇರ ನಮ್ಮ ಪೂರ್ವಿಕ ಅಂತ ಹೇಳ್ಕೊಳ್ಳೋಕೆ ಯಾರಿಗೆ ಆಸೆ ಆಗಲ್ಲ? ಆದರೆ ಆ ಕಲ್ಲಿಗೂ ತಾತನ ಟ್ರಂಕಿಗೂ ನಡುವೆ ಸಾವಿರ ವರ್ಷದ ಹಳ್ಳ ಇದೆ, ದಾಟೋಕೆ ಒಂದು ಹಲಗೆಯೂ ಇಲ್ಲ. ಊರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಅಲ್ಲ. ‘ನಮ್ಮದು ಗಂಗರ ವಂಶ’ ಅನ್ನೋರ ಮರದಲ್ಲಿ ನಾನು ಮೊದಲು ನೋಡೋದು 1600ರಿಂದ 1900ರವರೆಗಿನ ಕೊಂಬೆಗಳನ್ನ. ಅಲ್ಲಿ ಬರೀ ಚುಕ್ಕಿ ಇರ್ತವೆ.

ಹುಡುಕೋರಿಗೆ ಒಂದು ಉಪಯೋಗದ ಮಾತು. ಬಿ.ಎಲ್. ರೈಸ್ 1894ರಲ್ಲಿ ತಂದ ಮೂಲ ಸಂಪುಟದಲ್ಲಿ ಇದೇ ಆತಕೂರು ಮಂಡ್ಯ ತಾಲ್ಲೂಕಿನಲ್ಲಿದೆ, ಜಿಲ್ಲೆ ಮೈಸೂರು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಕಾಗದವನ್ನು ಈಗಿನ ವಿಳಾಸ ಹಿಡಿದು ಹುಡುಕಿದರೆ ಜನ್ಮದಲ್ಲಿ ಸಿಗಲ್ಲ.

ಇನ್ನು ಪಹಣಿ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಇಂಜಿನಿಯರಾಗಿ ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಅದು ಜಮೀನಿನ ಡೇಟಾಬೇಸು, ಮನುಷ್ಯರದ್ದಲ್ಲ. ಸರ್ವೆ ನಂಬರಿಗೆ ಕೀ ಇದೆ, ತಾತನಿಗೆ ಇಲ್ಲ. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡ್ತಾರೆ. ಹಾಗಾಗಿ 9ನೇ ಕಾಲಮ್ಮಿನಲ್ಲಿ ನಿಂಗೇಗೌಡ ಬಿನ್ ಕರೀಗೌಡ, ಆಮೇಲೆ ಕರೀಗೌಡ ಬಿನ್ ನಿಂಗೇಗೌಡ, ಮತ್ತೆ ನಿಂಗೇಗೌಡ ಬಿನ್ ಕರೀಗೌಡ. ಯಾವ ನಿಂಗೇಗೌಡ ಸ್ವಾಮಿ? ‘ಬಿನ್’ ಅನ್ನೋದು ಅರಬ್ಬಿಯ ಮಗ. ಹೆಂಗಸು ಬರೋದು ಗಂಡ ಸತ್ತ ಮೇಲೆ, ‘ಕೋಂ ಲೇಟ್’ ಅಂತ ಗಂಡನ ಬಾಲ ಹಿಡ್ಕೊಂಡು. ಗಂಡನಿಗಿಂತ ಮೊದಲೇ ಹೋದ ನಮ್ಮ ಮುತ್ತಜ್ಜಿಗೆ ಆ ಭಾಗ್ಯವೂ ಇಲ್ಲ. ಗದ್ದೆಯ ಅರ್ಧ ನಾಟಿ ಅವಳ ಕೈಯಲ್ಲೇ ಆಗಿರಬೇಕು. ನಾಯಿ ಕಾಳಿಗೆ ಇರೋ ವಿವರದ ಕಾಲುಭಾಗವೂ ಅವಳಿಗೆ ಸಿಕ್ಕಿಲ್ಲ.

ಶಾಸನಗಳು ಹೆಂಗಸರ ವಿಷಯದಲ್ಲಿ ಉದಾರ ಅಂತ ನಾನೇನೂ ಹೇಳ್ತಿಲ್ಲ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಶಾಸನ ಇದೆ. ಅದರಲ್ಲಿ ದೇಕಬ್ಬೆಯ ಹೆಸರು, ಅವಳ ಅಪ್ಪನ ಹೆಸರು, ಹೆತ್ತವರು ಬೇಡ ಅಂದಿದ್ದು ಎಲ್ಲವೂ ಇದೆ. ಯಾಕಿದೆ? ಗಂಡ ಸತ್ತ ಅಂತ ಬೆಂಕಿಗೆ ಬಿದ್ದಳು, ಅದಕ್ಕೆ.

ಹೆಳವರ ದಾಖಲೆ ಇವೆರಡಕ್ಕಿಂತ ಬೆಚ್ಚಗಿನದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಆಡಿಸ್ಕೊಂಡು ಬಂದು, ಮೂಲ ಊರು, ಮನೆದೇವರು, ತಲೆಮಾರು ಎಲ್ಲವನ್ನೂ ಒಪ್ಪಿಸೋರು. ಆದರೆ ದವಸ ಕೊಡೋ ಮನೆ ಮುಂದೆ ಹೇಳೋ ವಂಶದಲ್ಲಿ ಕಳ್ಳರು, ಓಡಿಹೋದವರು ಕಮ್ಮಿ ಇರ್ತಾರೆ, ಅದು ಗೊತ್ತಿರಲಿ.

ಇದೆಲ್ಲಾ ಭಾನುವಾರದ ಹವ್ಯಾಸ ಅಲ್ಲ. ತಾತ ಹೋದ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕಾಯ್ತು. ನಮ್ಮ ದೊಡ್ಡಪ್ಪ ಬರೆಸಿದ ಕರಡಿನಲ್ಲಿ ಗಂಡುಮಕ್ಕಳು ಇಬ್ಬರೇ. ಮೂವರು ಸೋದರತ್ತೆಯರು ಮಾಯ! ‘ಹೆಣ್ಮಕ್ಳನ್ನ ಸೇರಿಸಿದ್ರೆ ಸಹಿ ಗೋಳು ಕಣಪ್ಪ’ ಅಂದರು. ಕಾನೂನು 2005ರಲ್ಲೇ ಬದಲಾಗಿದೆ, ಮಗಳ ಹಕ್ಕು ಹುಟ್ಟಿನಿಂದಲೇ ಬರೋದು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಖಡಕ್ಕಾಗಿ ಹೇಳಿದೆ. ಆದರೂ ಊರೂರಲ್ಲಿ ಇಂಥ ಮರಗಳು ಬೆಳೀತಾನೇ ಇವೆ. ನಾಳೆ ನಮ್ಮ ಮೊಮ್ಮಕ್ಕಳು ಇದನ್ನೇ ‘ಹಳೇ ದಾಖಲೆ’ ಅಂತ ಸ್ಕ್ಯಾನ್ ಮಾಡಿ, ಈ ತಾತನಿಗೆ ಹೆಣ್ಮಕ್ಕಳೇ ಇರಲಿಲ್ಲ ಅಂತ ತೀರ್ಮಾನ ಮಾಡ್ತಾರೆ. ದಾಖಲೆ ಸುಳ್ಳಾಗೋದು ಗೆದ್ದಲು ಹಿಡಿದು ಅಲ್ಲ, ಬರೆಯೋವಾಗಲೇ.

ಎರಡು ತಿಂಗಳು ಮನೇಲಿ ಮಾತುಕತೆ ಸರಿ ಇರಲಿಲ್ಲ. ಕೊನೆಗೆ ಐದೂ ಹೆಸರಿನ ವಂಶವೃಕ್ಷ ಹೋಯ್ತು. ಸಹಿ ಹಾಕಿಸೋಕೆ ದೊಡ್ಡ ಅತ್ತೆ ಮನೆಗೆ ಹೋದಾಗ ಮುತ್ತಜ್ಜಿಯ ಹೆಸರೂ ಕೇಳಿದೆ. ‘ಅದ್ಯಾಕ್ಲಾ ಮಗ ಈಗ?’ ಅಂತ ನಕ್ಕು, ಹೆಸರು ಹೇಳಿದರು. ಶಿಂಷಾ ಆಚೆಗಿನ ಯಾವ ಊರಿಂದ ಬಂದಳು, ಎಷ್ಟು ಹೆತ್ತಳು, ಎಷ್ಟು ಉಳಿದವು, ಅದನ್ನೂ ಹೇಳಿದರು. ಅತ್ತೆಗೆ ಓದು ಬರಲ್ಲ. ನಾನು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡೆ, 41 ನಿಮಿಷ.